ಕೊಲೆಸ್ಟ್ರಾಲ್ ಗುಳಿಗೆ ಬಿಡುವ ಮೊದಲು ಇಷ್ಟು ನೋಡಿ

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವ ನನ್ನನ್ನು ಬಿಪಿ ಗುಳಿಗೆಯ ಬಗ್ಗೆ ಕೇಳುವವರು ಕಡಿಮೆ. ಕೊಲೆಸ್ಟ್ರಾಲ್ ಗುಳಿಗೆಯ ಬಗ್ಗೆ ಮಾತ್ರ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ. "ಇದು ಲಿವರ್ ಕೆಡಸ್ತದಂತ, ಖರೇನಾ?" "ರಿಪೋರ್ಟ್ ನಾರ್ಮಲ್ ಬಂದದ, ಇನ್ನ ಬಿಡ್ಲಾ?" "ಮೊಬೈಲ್‌ನಾಗ ಒಬ್ಬ ಡಾಕ್ಟರೇ ಹೇಳ್ಯಾನ್ರೀ, ಇದೆಲ್ಲ ಕಂಪನಿ ಆಟ ಅಂತ." 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ ಈ ಪ್ರಶ್ನೆಗಳು ಇನ್ನೂ ಜಾಸ್ತಿಯಾದವು. ಹಾಗಾಗಿ ಒಮ್ಮೆ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ನಿಮಗೆ ಯಾವ ಗುಳಿಗೆ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವ ತಪ್ಪು ಮಾಡಬಾರದು ಅನ್ನುವುದಕ್ಕೆ ಈ ಬರಹ.

ಓದುವ ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ: ಕೊನೆಯ ಲಿಪಿಡ್ ರಿಪೋರ್ಟ್ (ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ), ಬಿಪಿ ಮತ್ತು ಶುಗರ್ ಅಂಕಿ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ. ಅಪ್ಪ, ಅಮ್ಮ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿತ್ತಾ ಅನ್ನುವುದನ್ನೂ ನೆನಪು ಮಾಡಿಕೊಳ್ಳಿ.

1. ನೀವು ಯಾವ ಗುಂಪಿನವರು ನೋಡಿ

ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದಲೇ. ಕೊಲೆಸ್ಟ್ರಾಲ್ ಗುಳಿಗೆ ಅಂದರೆ ಹೆಚ್ಚಾಗಿ ಸ್ಟಾಟಿನ್ ಗುಂಪಿನ ಔಷಧ. ಸ್ಟ್ರಿಪ್ ಮೇಲೆ ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಅಂತ ಇರುತ್ತದೆ. ಕೊಲೆಸ್ಟ್ರಾಲ್‌ನ ದೊಡ್ಡ ಪಾಲು ಊಟದಿಂದ ಬರುವುದಿಲ್ಲ, ನಮ್ಮ ಮೈಯೇ ತಯಾರಿಸುತ್ತದೆ, ಅದರಲ್ಲೂ ಲಿವರ್. ಸ್ಟಾಟಿನ್ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಲಿವರ್ ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲನ್ನು (ರಿಪೋರ್ಟ್‌ನಲ್ಲಿ ಎಲ್‌ಡಿಎಲ್ ಅಂತ ಇರುತ್ತದೆ) ಎಳೆದುಕೊಳ್ಳುತ್ತದೆ.

ಮೊದಲ ಗುಂಪು: ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವಾ ಹೊಡೆದವರು. ಇವರಿಗೆ ಗುಳಿಗೆ ಬೇಕಾ ಬೇಡವಾ ಅನ್ನುವ ಚರ್ಚೆ ಮುಗಿದು 30 ವರ್ಷ ದಾಟಿದೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಪ್ರಯೋಗದಲ್ಲಿ 4,444 ಹೃದ್ರೋಗಿಗಳಿದ್ದರು. ಅರ್ಧ ಜನಕ್ಕೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ಐದೂವರೆ ವರ್ಷದ ಹೊತ್ತಿಗೆ ಹುಸಿ ಗುಳಿಗೆಯವರಲ್ಲಿ 256 ಜನ ತೀರಿಕೊಂಡಿದ್ದರು, ಔಷಧದವರಲ್ಲಿ 182.

ಎರಡನೇ ಗುಂಪು: ಇನ್ನೂ ಹೃದಯಾಘಾತ ಆಗಿಲ್ಲ, ಆದರೆ 40 ದಾಟಿದ್ದಾರೆ ಮತ್ತು ಶುಗರ್ ಇದೆ. ಅಥವಾ ಕಿಡ್ನಿ ತೊಂದರೆ ಇದೆ. ಅಥವಾ ಎಲ್‌ಡಿಎಲ್ 190 ದಾಟಿದೆ. ಇವರಲ್ಲಿ ಬಹುತೇಕರಿಗೆ ಡಾಕ್ಟರು ಗುಳಿಗೆ ಬೇಕು ಅಂತಲೇ ಹೇಳುತ್ತಾರೆ. 190 ದಾಟಿದ್ದರೆ ಅದು ಮನೆತನದಲ್ಲೇ ಹರಿದು ಬಂದಿರಬಹುದು. ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಪರೀಕ್ಷೆ ಮಾಡಿಸಿ.

ಮೂರನೇ ಗುಂಪು: ಶುಗರ್ ಇಲ್ಲ, ಹೃದಯದ ತೊಂದರೆ ಇಲ್ಲ, ಬಿಪಿ ಸರಿ ಇದೆ. ಹೆಲ್ತ್ ಚೆಕಪ್‌ನಲ್ಲಿ ಎಲ್‌ಡಿಎಲ್ ಸ್ವಲ್ಪ ಮೇಲೆ ಬಂದಿದೆ, ಅಷ್ಟೇ. ಗುಳಿಗೆ ಬೇಕಾ ಅನ್ನುವ ನಿಜವಾದ ಚರ್ಚೆ ಇರುವುದು ಈ ಗುಂಪಿನವರ ವಿಷಯದಲ್ಲಿ.

ಮೂರನೆಯವರ ಚರ್ಚೆ ಕೇಳಿ ಮೊದಲನೆಯವರು ಗುಳಿಗೆ ಬಿಡುತ್ತಾರೆ. ನನ್ನ ಅಂಗಡಿಯಲ್ಲಿ ನಾನು ಕಾಣುವ ದೊಡ್ಡ ಅಪಾಯ ಇದೇ.

2. ರಿಪೋರ್ಟ್ ಓದುವುದು ಕಲಿಯಿರಿ

ಒಟ್ಟು ಕೊಲೆಸ್ಟ್ರಾಲ್ ಅಂಕಿ ನೋಡಿ ಗಾಬರಿಯೂ ಬೇಡ, ಖುಷಿಯೂ ಬೇಡ. ಎಲ್‌ಡಿಎಲ್ ನೋಡಿ. ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವುದು ಅದು. ಎಚ್‌ಡಿಎಲ್ ಅನ್ನು ಒಳ್ಳೆಯದು ಅನ್ನುತ್ತಾರೆ. ಟ್ರೈಗ್ಲಿಸರೈಡ್ ಅಂದರೆ ಸಕ್ಕರೆ, ಮೈದಾ, ಸಾರಾಯಿ, ಬೊಜ್ಜಿನಿಂದ ಏರುವ ಇನ್ನೊಂದು ಬಗೆಯ ಕೊಬ್ಬು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದರೆ ಬರುವುದು ನಾನ್-ಎಚ್‌ಡಿಎಲ್. ಟ್ರೈಗ್ಲಿಸರೈಡ್ 150ರ ಮೇಲಿದ್ದರೆ ಈ ಅಂಕಿಯನ್ನೂ ಡಾಕ್ಟರಿಗೆ ತೋರಿಸಿ.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಗುರಿ ಹೀಗಿದೆ. ಅಂಕಿ ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ.

- ಅಪಾಯ ಕಡಿಮೆ ಇರುವವರು: ಎಲ್‌ಡಿಎಲ್ 100ಕ್ಕಿಂತ ಕೆಳಗೆ
- ಶುಗರ್, ಬಿಪಿ ಇರುವಂಥ ಹೆಚ್ಚು ಅಪಾಯದವರು: 70ಕ್ಕಿಂತ ಕೆಳಗೆ
- ಹೃದಯಾಘಾತ, ಲಕ್ವಾ ಆದಂಥವರು: 55ಕ್ಕಿಂತ ಕೆಳಗೆ

ಈಗ ನಿಮ್ಮ ಲ್ಯಾಬ್ ರಿಪೋರ್ಟ್‌ನ ಬಲಗಡೆ ನೋಡಿ. ಅಲ್ಲಿ ಅಚ್ಚಾಗಿರುವ "ನಾರ್ಮಲ್" ಅಂಕಿ ಎಲ್ಲರಿಗೂ ಒಂದೇ. ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 95 ಇದ್ದರೂ ಲ್ಯಾಬ್‌ನ ಕಾಗದ ನಾರ್ಮಲ್ ಅನ್ನುತ್ತದೆ. ಅವರ ಲೆಕ್ಕಕ್ಕೆ ಅದು ಜಾಸ್ತಿ.

ಇನ್ನೊಂದು ತಪ್ಪು ಇದಕ್ಕಿಂತ ಸಾಮಾನ್ಯ. ಗುಳಿಗೆ ನುಂಗಿ ಮೂರು ತಿಂಗಳಿಗೆ ಎಲ್‌ಡಿಎಲ್ 60ಕ್ಕೆ ಬಂತು, "ವಾಸಿಯಾಯಿತು" ಅಂತ ನಿಲ್ಲಿಸುವುದು. ಇಳಿದಿದ್ದು ಗುಳಿಗೆಯಿಂದ. ಬಿಟ್ಟ ಕೆಲವೇ ವಾರದಲ್ಲಿ ಹಳೆಯ ಅಂಕಿಗೆ ಹೋಗಿ ನಿಲ್ಲುತ್ತದೆ.

ಪರೀಕ್ಷೆಗೆ ಖಾಲಿ ಹೊಟ್ಟೆಯೇ ಬೇಕು ಅಂತಿಲ್ಲ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಮಾತ್ರ ಉಪವಾಸವಿದ್ದು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ, ಏಕೆಂದರೆ ಬಹಳ ಲ್ಯಾಬ್‌ಗಳು ಎಲ್‌ಡಿಎಲ್ಅನ್ನು ಲೆಕ್ಕ ಹಾಕಿ ಬರೆಯುತ್ತವೆ, ಆ ಲೆಕ್ಕ ಆಗ ತಪ್ಪುತ್ತದೆ. ಜ್ವರ ಬಂದಾಗಲೋ ದೊಡ್ಡ ಕಾಯಿಲೆಯಿಂದ ಈಗಷ್ಟೇ ಎದ್ದಾಗಲೋ ಮಾಡಿಸಿದರೂ ಅಂಕಿ ಸುಳ್ಳು ಹೇಳಬಹುದು. ಥೈರಾಯ್ಡ್ ಕಡಿಮೆ ಇದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಹಾಗಾಗಿ ಒಮ್ಮೆ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಿಸಿ.

3. ಗದ್ದಲ ಯಾಕೆ ಅಂತ ತಿಳಿದುಕೊಳ್ಳಿ

ವಿಡಿಯೋದಲ್ಲಿ ಹೇಳುವುದೆಲ್ಲ ಸುಳ್ಳಲ್ಲ. ಅದಕ್ಕೇ ಜನ ನಂಬುತ್ತಾರೆ. ಯಾವುದು ಖರೆ, ಯಾವುದು ಉಬ್ಬಿಸಿದ್ದು ನೋಡೋಣ.

2001ರಲ್ಲಿ ಸೆರಿವಾಸ್ಟಾಟಿನ್ ಅನ್ನುವ ಸ್ಟಾಟಿನ್ಅನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಅದು ಕೆಲವರಲ್ಲಿ ಸ್ನಾಯು ಕರಗಿಸಿ ಜೀವ ತೆಗೆದಿತ್ತು. ಇದು ನಿಜ. ಈಗ ನೀವು ನುಂಗುತ್ತಿರುವುದು ಆ ಔಷಧವಲ್ಲ.

2013ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎರಡು ಲೇಖನ ಪ್ರಕಟಿಸಿತು. ಸ್ಟಾಟಿನ್ ನುಂಗುವ 100 ಜನರಲ್ಲಿ 18-20 ಜನಕ್ಕೆ ಅಡ್ಡ ಪರಿಣಾಮ ಆಗುತ್ತದೆ ಅನ್ನುವ ಮಾತು ಅವುಗಳಲ್ಲಿತ್ತು. ಆಧಾರವಾಗಿ ಕೊಟ್ಟ ಅಧ್ಯಯನವನ್ನು ತಪ್ಪಾಗಿ ಓದಲಾಗಿತ್ತು. 2014ರ ಮೇನಲ್ಲಿ ಆ ಮಾತನ್ನು ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಸುದ್ದಿ ಊರೆಲ್ಲ ಸುತ್ತಿತ್ತು. ಬ್ರಿಟನ್‌ನಲ್ಲಿ ಆಮೇಲೆ ಲೆಕ್ಕ ಹಾಕಿದಾಗ ಗುಳಿಗೆ ಬಿಡುವವರ ಪ್ರಮಾಣ ಶೇ. 10ಕ್ಕಿಂತ ಜಾಸ್ತಿ ಏರಿತ್ತು. ಹೃದಯಾಘಾತ ಆಗದವರಲ್ಲಿ ಏರಿದಷ್ಟೇ ಆದವರಲ್ಲೂ ಏರಿತ್ತು. ಆ ಎರಡರಲ್ಲಿ ಸ್ಟಾಟಿನ್ ಬಗ್ಗೆಯೇ ಇದ್ದ ಲೇಖನ ಮಾತಾಡಿದ್ದು ಅಪಾಯ ಕಡಿಮೆ ಇರುವವರ ಬಗ್ಗೆ ಅನ್ನುವುದು ನೆನಪಿರಲಿ.

ಲಾಭ-ನಷ್ಟದ ಲೆಕ್ಕ ಬೇಕು ಅನ್ನುವವರಿಗೆ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಕೊಡುತ್ತೇನೆ. 10,000 ಜನ 5 ವರ್ಷ ಗುಳಿಗೆ ನುಂಗಿ ಎಲ್‌ಡಿಎಲ್ಅನ್ನು 77 ಮಿಲಿಗ್ರಾಂನಷ್ಟು ಇಳಿಸಿಕೊಂಡರು ಅಂದುಕೊಳ್ಳಿ. ಅವರು ಮೊದಲ ಗುಂಪಿನವರಾದರೆ ಸುಮಾರು 1,000 ಜನ ಹೃದಯಾಘಾತ, ಲಕ್ವಾದಂಥ ದೊಡ್ಡ ಗಂಡಾಂತರದಿಂದ ಪಾರಾಗುತ್ತಾರೆ. ಇನ್ನೂ ಏನೂ ಆಗಿಲ್ಲ, ಆದರೆ ಅಪಾಯ ಇದೆ ಅನ್ನುವವರಾದರೆ ಸುಮಾರು 500 ಜನ. ನಷ್ಟದ ಕಡೆ: 5 ಜನಕ್ಕೆ ಗಂಭೀರ ಸ್ನಾಯು ತೊಂದರೆ, 50ರಿಂದ 100 ಜನಕ್ಕೆ ಹೊಸದಾಗಿ ಶುಗರ್, 5ರಿಂದ 10 ಜನಕ್ಕೆ ಮಿದುಳಿನಲ್ಲಿ ರಕ್ತಸ್ರಾವ. ಶುಗರ್ ಬರುವುದು ಹೆಚ್ಚಾಗಿ ಅದಾಗಲೇ ಗಡಿಯಲ್ಲಿ ನಿಂತವರಿಗೆ.

ಟೀಕಾಕಾರರ ಎರಡು ಮಾತು ನನಗೂ ಸರಿ ಅನ್ನಿಸುತ್ತದೆ. ದೊಡ್ಡ ಪ್ರಯೋಗಗಳಿಗೆ ಬಹುಪಾಲು ದುಡ್ಡು ಹಾಕಿದ್ದು ಔಷಧ ಕಂಪನಿಗಳೇ, ಅವುಗಳ ಮೂಲ ಮಾಹಿತಿ ಎಲ್ಲರಿಗೂ ಸಿಗುವುದಿಲ್ಲ. ಇನ್ನೊಂದು, "ಅಪಾಯ ಕಾಲು ಭಾಗ ಇಳಿಯುತ್ತದೆ" ಅನ್ನುವ ಮಾತು ಎಲ್ಲರಿಗೂ ಒಂದೇ ಅಲ್ಲ. ಮುಂದಿನ 10 ವರ್ಷದಲ್ಲಿ 100ಕ್ಕೆ 40 ಜನರಿಗೆ ತೊಂದರೆ ಆಗುವ ಕಡೆ ಕಾಲು ಭಾಗ ಅಂದರೆ 10 ಜನ ಪಾರು. 100ಕ್ಕೆ 4 ಜನರಿಗೆ ಆಗುವ ಕಡೆ ಒಬ್ಬರು. ಮೂರನೇ ಗುಂಪಿನವರು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇದೇ: "ಗುಳಿಗೆ ಇಲ್ಲದೆ ನನ್ನ ಅಪಾಯ ಎಷ್ಟು, ಗುಳಿಗೆ ನುಂಗಿದರೆ ಎಷ್ಟು?" 75 ದಾಟಿದ, ಹೃದಯದ ತೊಂದರೆ ಇಲ್ಲದ ಹಿರಿಯರ ವಿಷಯದಲ್ಲಿ ಪುರಾವೆ ಇನ್ನೂ ತೆಳುವಾಗಿದೆ. ಅಲ್ಲಿ ಕೂತು ಮಾತಾಡಿಯೇ ತೀರ್ಮಾನಿಸಬೇಕು.

"ಆಪರೇಷನ್ ಇಲ್ಲದೆ ಬ್ಲಾಕೇಜ್ ಕರಗಿಸುತ್ತೇವೆ" ಅನ್ನುವ ಜಾಹೀರಾತುಗಳ ಬಗ್ಗೆ ಒಂದೇ ಮಾತು. ಹೃದ್ರೋಗ ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ.

4. ತಾಟಿನ ಲೆಕ್ಕ ಹಾಕಿ

ನಮ್ಮ ಕಡೆಯ ಊಟ ಮೂಲದಲ್ಲಿ ಒಳ್ಳೆಯದೇ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಮೆಂತ್ಯೆ ಸೊಪ್ಪು, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ತಿನ್ನುವ ಭಜ್ಜಿ, ಸಜ್ಜಿ ರೊಟ್ಟಿಗೆ ಯಾವ ಹೃದ್ರೋಗ ತಜ್ಞರೂ ಬೇಡ ಅನ್ನಲಾರರು. ಬೇಳೆ, ಕಾಳು, ಅಗಸಿಯಲ್ಲಿರುವ ನಾರು ಎಲ್‌ಡಿಎಲ್ಅನ್ನು ಸ್ವಲ್ಪ ಇಳಿಸುತ್ತದೆ. ಅಗಸಿ ಹಿಂಡಿ ದಿನಾ ಒಂದು ಚಮಚ ತಿನ್ನಿ, ಆದರೆ ಉಪ್ಪು ಕಡಿಮೆ ಹಾಕಿ ಕುಟ್ಟಿಸಿ.

ಕೆಡಿಸಿದ್ದು ಈ ಊಟದ ಸುತ್ತ ಬಂದು ಸೇರಿಕೊಂಡ ಎಣ್ಣೆ, ಸಕ್ಕರೆ, ಮೈದಾ.

ಎಣ್ಣೆಯಿಂದ ಶುರು ಮಾಡಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಆಸುಪಾಸು ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು 3 ಕಿಲೋ. ತುಪ್ಪ, ಬೆಣ್ಣೆಯೂ ಅದರೊಳಗೇ ಬರಬೇಕು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಕಿರಾಣಿ ಚೀಟಿ ನೋಡಿ. ಬದನೆಕಾಯಿ ಎಣ್ಣೆಗಾಯಿ ಮಾಡುವ ಮನೆಗಳಲ್ಲಿ ಇದರ ಎರಡು ಪಟ್ಟು ಖರ್ಚಾಗುವುದು ಅಪರೂಪವೇನಲ್ಲ.

ಯಾವ ಎಣ್ಣೆ? ರಕ್ತದ ಎಲ್‌ಡಿಎಲ್ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದಾಗ ಗಟ್ಟಿಯಾಗುವ ಜಾತಿಯ ಕೊಬ್ಬು. ಕುಸುಬಿ ಎಣ್ಣೆಯಲ್ಲಿ ಅದು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ, ಶೇಂಗಾ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನ ಹತ್ತಿರ, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ. ನಮ್ಮ ಹಿರಿಯರು ಗಾಣದಿಂದ ತರುತ್ತಿದ್ದ ಕುಸುಬಿ, ಶೇಂಗಾ ಎಣ್ಣೆಯೇ ಸಾಕು. ಪಾಕೀಟಿನ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ದೊಡ್ಡಕ್ಷರದಲ್ಲಿ ಇದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ, ಪಾಮ್ ಎಣ್ಣೆಯಲ್ಲೂ ಇಲ್ಲ.

"ನಾವು ಮಾಂಸ ಮುಟ್ಟದವರು, ನಮಗ್ಯಾಕೆ ಕೊಲೆಸ್ಟ್ರಾಲ್?" ಅನ್ನುವವರು ಬಹಳ. ಲಿವರ್ ನಿಮ್ಮ ಜಾತಿ, ಮಡಿ ನೋಡುವುದಿಲ್ಲ. ಹೋಳಿಗೆ ಮೇಲೆ ಸುರಿದ ತುಪ್ಪ, ಸಂಜೆಯ ಮಿರ್ಚಿ ಭಜಿ, ಬೇಕರಿಯ ಖಾರಿ, ದಿನಕ್ಕೆ ಐದಾರು ಸಲ ಸಕ್ಕರೆ ಚಹಾ, ಎಲ್ಲವೂ ಶಾಕಾಹಾರವೇ ಅಲ್ವಾ? ಬಂಡಿಯ ಭಜಿಯಲ್ಲಿ ಎರಡು ತೊಂದರೆ: ಪಾಮ್ ಎಣ್ಣೆ, ಮತ್ತು ಅದನ್ನೇ ಮತ್ತೆ ಮತ್ತೆ ಕಾಯಿಸುವುದು. ಡಾಲ್ಡಾದಂಥ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರ ಜನವರಿಯಿಂದ ಅದನ್ನು ಶೇ. 2ಕ್ಕಿಂತ ಜಾಸ್ತಿ ಇರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಆದರೂ ಡಾಲ್ಡಾದಲ್ಲಿ ಸ್ಯಾಚುರೇಟೆಡ್ ಕೊಬ್ಬು ಇದ್ದೇ ಇದೆ.

ಮೊಟ್ಟೆಯ ಮೇಲಿನ ಭಯ ಮಾತ್ರ ಸ್ವಲ್ಪ ಜಾಸ್ತಿಯೇ ಆಗಿತ್ತು. ತಿನ್ನುವ ಕೊಲೆಸ್ಟ್ರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬಿನ ಪರಿಣಾಮ ದೊಡ್ಡದು ಅಂತ ಗೊತ್ತಾದ ಮೇಲೆ ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಅನ್ನುವ ಹಳೆಯ ಮಿತಿಯನ್ನು ಕೈಬಿಟ್ಟಿತು. ದಿನಕ್ಕೊಂದು ಮೊಟ್ಟೆ ಹೆಚ್ಚಿನವರಿಗೆ ನಡೆಯುತ್ತದೆ. ಶುಗರ್ ಇದ್ದವರು, ಹೃದಯಾಘಾತ ಆದವರು ಕೇಳಿಕೊಂಡು ತಿನ್ನಿ. ತಹಾರಿ, ಮಟನ್ ಪೂರ್ತಿ ಬಿಡಿ ಅಂದರೆ ಯಾರೂ ಕೇಳುವುದಿಲ್ಲ. ಕೊಬ್ಬಿನ ತುಂಡು ತೆಗೆಸಿ, ವಾರಕ್ಕೊಮ್ಮೆ ಸಾಕು. ಮಾಲ್ಪುರಿ ಜಾತ್ರೆಗೆ ಇರಲಿ.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯ ಉಪ್ಪೂ ಸೇರಿ. ಗುಟ್ಕಾ, ತಂಬಾಕು, ಬೀಡಿ ಇದ್ದರೆ ಮೇಲಿನದೆಲ್ಲ ಬಿಟ್ಟು ಮೊದಲು ಅದನ್ನು ನಿಲ್ಲಿಸಿ.

ಇಷ್ಟೆಲ್ಲ ಮಾಡಿದರೆ ಎಲ್‌ಡಿಎಲ್ ಎಷ್ಟು ಇಳಿಯುತ್ತದೆ? ಸಾಮಾನ್ಯವಾಗಿ ಶೇ. 10-15. ಟ್ರೈಗ್ಲಿಸರೈಡ್ ಇದಕ್ಕಿಂತ ಚೆನ್ನಾಗಿ ಇಳಿಯುತ್ತದೆ. 120 ಇದ್ದವರು ಊಟದಿಂದಲೇ ಗುರಿಯ ಹತ್ತಿರ ಬರಬಹುದು. 190 ಇದ್ದವರು ಬರಲಾರರು, ಅದು ಅವರ ತಪ್ಪಲ್ಲ. ಮೂರನೇ ಗುಂಪಿನವರು ಡಾಕ್ಟರನ್ನು ಕೇಳಿ ಮೂರು ತಿಂಗಳು ಊಟ, ನಡಿಗೆ ಮಾಡಿ ಮತ್ತೆ ಪರೀಕ್ಷೆ ಮಾಡಿಸಬಹುದು. ಮೊದಲ ಗುಂಪಿನವರು ಹಾಗೆ ಕಾಯುವಂತಿಲ್ಲ.

ನಡಿಗೆ ವಾರಕ್ಕೆ 150 ನಿಮಿಷ. ನಮ್ಮ ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅಪ್ಪನ ಕೆರೆ ಸುತ್ತಿ ಮನೆ ಸೇರಿಬಿಡಿ.

5. ಗುಳಿಗೆ ಸರಿಯಾಗಿ ನುಂಗಿ

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ದಿನದ ಯಾವ ಹೊತ್ತಿನಲ್ಲಾದರೂ ನಡೆಯುತ್ತವೆ. ಹೊತ್ತು ಒಂದೇ ಇರಲಿ. ರೋಜಾ ಹಿಡಿಯುವವರು ರಾತ್ರಿ ಇಫ್ತಾರ್ ಆದ ಮೇಲೆ ತೊಗೊಳ್ಳಬಹುದು, ತಿಂಗಳಿಡೀ ಬಿಡಬೇಕಾಗಿಲ್ಲ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಒಮ್ಮೆ ಮಾಡಿಸುತ್ತಾರೆ. ಗಂಭೀರವಾಗಿ ಲಿವರ್ ಕೆಡುವುದು ತೀರಾ ಅಪರೂಪ. 4ರಿಂದ 12 ವಾರದೊಳಗೆ ಲಿಪಿಡ್ ಮತ್ತೆ ನೋಡಬೇಕು. ಗುರಿ ಮುಟ್ಟದಿದ್ದರೆ ಡೋಸ್ ಎರಡು ಪಟ್ಟು ಮಾಡಿದರೂ ಎಲ್‌ಡಿಎಲ್ ಇನ್ನು ಶೇ. 6ರಷ್ಟು ಮಾತ್ರ ಇಳಿಯುತ್ತದೆ. ಅದಕ್ಕೇ ಡಾಕ್ಟರು ಕೆಲವೊಮ್ಮೆ ಎಜೆಟಿಮೈಬ್ ಅನ್ನುವ ಇನ್ನೊಂದು ಗುಳಿಗೆ ಸೇರಿಸುತ್ತಾರೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ.

ಈಗ ಒಂದು ದೊಡ್ಡ ಎಚ್ಚರಿಕೆ. ಸ್ಟೆಂಟ್ ಆದ ಬಹಳ ಜನಕ್ಕೆ ಒಂದೇ ಕ್ಯಾಪ್ಸೂಲ್‌ನಲ್ಲಿ ಮೂರು ಔಷಧ ಕೊಟ್ಟಿರುತ್ತಾರೆ: ಸ್ಟಾಟಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್. ಕೊನೆಯ ಎರಡು ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. "ಕೊಲೆಸ್ಟ್ರಾಲ್ ಗುಳಿಗೆ ಬಿಟ್ಟೆ" ಅಂತ ಈ ಕ್ಯಾಪ್ಸೂಲ್ ನಿಲ್ಲಿಸಿದರೆ ಆ ಎರಡೂ ನಿಂತುಹೋಗುತ್ತವೆ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಆಗುವುದು ನೇರ ಹೃದಯಾಘಾತ. ಸ್ಟ್ರಿಪ್ ತಿರುಗಿಸಿ ಎಷ್ಟು ಹೆಸರಿವೆ ಈಗಲೇ ಎಣಿಸಿ.

ಬೇರೆ ಔಷಧಗಳ ಜೊತೆ ಜಗಳವೂ ಇದೆ. ಕ್ಲಾರಿತ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್, ಗಜಕರ್ಣಕ್ಕೆ ಕೊಡುವ ಇಟ್ರಾಕೊನಜೋಲ್, ಇವು ಕೆಲವು ಸ್ಟಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಚರ್ಮದ ಡಾಕ್ಟರಿಗೂ ನಿಮ್ಮ ಸ್ಟ್ರಿಪ್ ತೋರಿಸಿ. ಬಸುರಿ ಆಗಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಬೇಕು.

ಖರ್ಚು ಹೆಚ್ಚು ಅಂತ ಬಿಡುವವರು ಜನೌಷಧಿ ಕೇಂದ್ರದಲ್ಲಿ ಕೇಳಿ. ನನ್ನ ವ್ಯಾಪಾರಕ್ಕೆ ಪೆಟ್ಟು, ಇರಲಿ.

6. ಮೈಕೈ ನೋವು ಬಂದರೆ

ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಮೊದಲು ನೋವನ್ನು ಬರೆದಿಡಿ: ಯಾವಾಗ ಶುರುವಾಯಿತು, ಎಲ್ಲಿ, ಎರಡೂ ಕಡೆಗಾ ಒಂದೇ ಕಡೆಗಾ. ಸ್ಟಾಟಿನ್‌ನ ನೋವು ಸಾಮಾನ್ಯವಾಗಿ ಗುಳಿಗೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರ-ತಿಂಗಳಲ್ಲಿ, ತೊಡೆ, ಮೀನಖಂಡ, ಭುಜದ ಸ್ನಾಯುಗಳಲ್ಲಿ, ಎರಡೂ ಕಡೆ ಬರುತ್ತದೆ. ಒಂದೇ ಮೊಣಕಾಲು ನೋಯುತ್ತಿದ್ದರೆ ಕಾರಣ ಬೇರೆ ಇರುವ ಸಾಧ್ಯತೆಯೇ ಜಾಸ್ತಿ.

2022ರಲ್ಲಿ ದೊಡ್ಡ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದರು. ಸ್ಟಾಟಿನ್ ನುಂಗಿದವರಲ್ಲಿ ಸ್ನಾಯು ನೋವು ಅಂದವರು ಶೇ. 27.1, ಹುಸಿ ಗುಳಿಗೆಯವರಲ್ಲಿ ಶೇ. 26.6. ಬ್ರಿಟನ್‌ನ ಇನ್ನೊಂದು ಸಣ್ಣ ಪ್ರಯೋಗ ಇನ್ನೂ ಮಜವಾಗಿದೆ. ಅಡ್ಡ ಪರಿಣಾಮ ಅಂತ ಗುಳಿಗೆ ಬಿಟ್ಟಿದ್ದ 60 ಜನಕ್ಕೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಹುಸಿ ಗುಳಿಗೆ ಕೊಟ್ಟರು, ಕೆಲವು ತಿಂಗಳು ಏನೂ ಕೊಡಲಿಲ್ಲ. ಸ್ಟಾಟಿನ್ ತಿಂಗಳಲ್ಲಿ ಜಾಸ್ತಿಯಾದ ತೊಂದರೆಯ ಶೇ. 90ರಷ್ಟು ಹುಸಿ ಗುಳಿಗೆಯಲ್ಲೂ ಬಂದಿತ್ತು. ನೋವು ಸುಳ್ಳು ಅಂತ ಇದರ ಅರ್ಥವಲ್ಲ. ನೋವು ನಿಜವಾಗಿಯೂ ಇತ್ತು, ಬಹಳ ಸಲ ಕಾರಣ ಮಾತ್ರ ಆ ಔಷಧವಾಗಿರಲಿಲ್ಲ.

ಡಾಕ್ಟರು ಸಿಪಿಕೆ (ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ), ಥೈರಾಯ್ಡ್, ವಿಟಮಿನ್ ಡಿ ನೋಡಿಸಬಹುದು. ಡಿಸೆಂಬರ್-ಜನವರಿಯಲ್ಲಿ ತೊಗರಿ ಕೊಯ್ಲು, ರಾಶಿ ಮಾಡಿ ಬಂದ ಮರುದಿನ ಸಿಪಿಕೆ ಮಾಡಿಸಿದರೆ ಗುಳಿಗೆ ನುಂಗದವರಲ್ಲೂ ಏರಿರುತ್ತದೆ. ನಾಲ್ಕೈದು ದಿನ ವಿಶ್ರಾಂತಿ ತೊಗೊಂಡು ಮಾಡಿಸಿ. ಆಮೇಲೆ ಡಾಕ್ಟರು ಎರಡು-ನಾಲ್ಕು ವಾರ ಗುಳಿಗೆ ನಿಲ್ಲಿಸಿ ನೋಡಬಹುದು, ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು.

ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ, ಕೂತಲ್ಲಿಂದ ಏಳಲಾಗದಷ್ಟು ಸ್ನಾಯು ಸೋತರೆ ಮಾತ್ರ ಕಾಯಬೇಡಿ. ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಕಣ್ಣು ಹಳದಿಯಾದರೂ ಅಷ್ಟೇ.

7. ಎದೆ ಹಿಡಿದುಕೊಂಡರೆ

ಎದೆಯಲ್ಲಿ ಭಾರ, ಒತ್ತಿದಂತೆ ನೋವು, ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಿಗದಿರುವುದು. ಶುಗರ್ ಇದ್ದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ ಆಗಬಹುದು. "ಗ್ಯಾಸ್ ಆಗಿರಬೇಕು" ಅಂತ ಸೋಡಾ ಕುಡಿದು ಮಲಗುವವರೇ ನಮ್ಮಲ್ಲಿ ಜಾಸ್ತಿ. ನನ್ನ ಅಂಗಡಿಗೆ ಗ್ಯಾಸ್ ಗುಳಿಗೆ ಕೇಳಿಕೊಂಡು ಬರಬೇಡಿ. 108ಕ್ಕೆ ಫೋನ್ ಮಾಡಿ. ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೋಗುವುದು ಬೇಡ.

ಚಿಂಚೋಳಿ, ಜೇವರ್ಗಿ, ಔರಾದ್, ಸುರಪುರದ ಕಡೆಯವರು ನೇರ ಕಲಬುರಗಿಗೇ ಹೊರಟು ಹೊತ್ತು ಕಳೆಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಅಗತ್ಯ ಬಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ಅನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಇದೆಯಾ ಅಂತ ಆರಾಮಾಗಿರುವಾಗಲೇ ಹೋಗಿ ಕೇಳಿಕೊಂಡು ಬನ್ನಿ.

ಹೊರಡುವಾಗ ನುಂಗುವ ಗುಳಿಗೆಗಳ ಸ್ಟ್ರಿಪ್, ಹಳೆಯ ಇಸಿಜಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ಗುಳಿಗೆ ಬಿಟ್ಟಿದ್ದರೆ ಎಷ್ಟು ದಿನ ಆಯಿತು ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಮುಚ್ಚಿಡದೆ ಹೇಳಿ.